ಸಪ್ಟೆಂಬರ್ 17 ಯಾರದು?

ಸರಕಾರಿ ಕಚೇರಿಯ ಆವಕ ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತವರಿಗೆ ದಿನಾಂಕದ ಮೊಹರಿನ ಬೆಲೆ ಎಷ್ಟೆಂಬುದು ಚೆನ್ನಾಗಿ ಗೊತ್ತು. ಬೆಳಗಿನ ಟಪಾಲಿನಲ್ಲಿ ಪಿಂಚಣಿಯ ಅರ್ಜಿ ಇರುತ್ತದೆ, ವರ್ಗಾವಣೆಯ ಆದೇಶ ಇರುತ್ತದೆ, ನೀರಿನ ಬಿಲ್ಲು ಇರುತ್ತದೆ, ವಿಳಾಸ ತಪ್ಪಿ ಬಂದ ಮದುವೆಯ ಕರೆಯೋಲೆಯೂ ಇರುತ್ತದೆ. ಎಲ್ಲದರ ಮೇಲೂ ಬೀಳುವುದು ಒಂದೇ ಮೊಹರು, ಒಂದೇ ತಾರೀಖು. ಹಾಗೆಂದು ಅವನ್ನೆಲ್ಲ ಒಂದೇ ಫೈಲಿನಲ್ಲಿ ಸೇರಿಸಿ ಮೇಲಕ್ಕೆ ಕಳಿಸಿದರೆ ಸಾಹೇಬರು ಸುಮ್ಮನಿರುವರೇ? ಒಂದೇ ಮೊಹರು ಬಿದ್ದ ಮಾತ್ರಕ್ಕೆ ಎರಡು ಕಾಗದಗಳಿಗೆ ಸಂಬಂಧ ಹುಟ್ಟುವುದಿಲ್ಲ. ಸಂಬಂಧವಿದ್ದ ಎರಡು ಕಾಗದಗಳನ್ನು ಬೇರೆ ಬೇರೆ ಫೈಲಿಗೆ ಹಾಕಿ ಮರೆತುಬಿಡುವುದು ಇನ್ನೂ ದೊಡ್ಡ ತಪ್ಪು. ಈ ಎರಡನೆಯ ತಪ್ಪನ್ನು ಪುಣೆಯ ಕನ್ನಡಿಗರಾದ ನಾವು ಬಹಳ ವರ್ಷಗಳಿಂದ ಮಾಡುತ್ತ ಬಂದಿದ್ದೇವೆ ಎಂಬುದೇ ಈ ಲೇಖನದ ತಕರಾರು.

ಈಚೆಗೆ ನಮ್ಮಲ್ಲಿ ನಡೆದ ಮಕ್ಕಳ ರಸಪ್ರಶ್ನೆಯಲ್ಲಿ ‘ಸಪ್ಟೆಂಬರ್ 17ರ ವಿಶೇಷವೇನು?’ ಎಂಬ ಪ್ರಶ್ನೆ ಬಂತು. ಹನ್ನೆರಡು ವರ್ಷದ ಹುಡುಗಿ ಎದ್ದು ನಿಂತು ಉಸಿರು ಬಿಡದೆ ಹೇಳಿದಳು: 1787ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬಿತ್ತು, 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಆಂಟೀಟಮ್ ಕಾಳಗ ನಡೆಯಿತು, 1879ರಲ್ಲಿ ಪೆರಿಯಾರರು ಹುಟ್ಟಿದರು, 1950ರಲ್ಲಿ ನರೇಂದ್ರ ಮೋದಿಯವರು ಹುಟ್ಟಿದರು, 1978ರಲ್ಲಿ ಕ್ಯಾಂಪ್ ಡೇವಿಡ್ ಒಪ್ಪಂದವಾಯಿತು. ಸಭೆ ಚಪ್ಪಾಳೆ ತಟ್ಟಿತು. ಮಗು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಮಗುವಿನ ತಂದೆ ಆಳಂದ ತಾಲೂಕಿನವರು, ತಾಯಿ ಬಸವಕಲ್ಯಾಣದ ಕಡೆಯವರು. 1948ರ ಸಪ್ಟೆಂಬರ್ 17ರಂದು ಹೈದರಾಬಾದಿನ ನಿಜಾಮರು ಕದನವಿರಾಮ ಸಾರಿ, ಆ ಎರಡೂ ಊರುಗಳು ಭಾರತದ ಭಾಗವಾಗುವ ದಾರಿ ತೆರೆದದ್ದನ್ನು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ಪ್ರಶ್ನೆ ಕೇಳಿದವರೂ ಹೇಳಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಕಲಬುರ್ಗಿ, ಬೀದರ, ರಾಯಚೂರುಗಳಿಂದ ಬಂದ ನಾವು ಕನಿಷ್ಠ ಹತ್ತು ಮನೆಯವರಾದರೂ ಇದ್ದೆವು. ನಾವೂ ಬಾಯಿ ಬಿಡಲಿಲ್ಲ. ಮೊದಲ ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇವೆ.

ಆ ಮೇಲೆ ನಮ್ಮಲ್ಲಿ ಕೆಲವರು ಸೇರಿ, ಬರುವ ವರ್ಷದಿಂದ ಸಪ್ಟೆಂಬರ್ 17ರಂದು ಒಂದು ಸಣ್ಣ ಸಭೆಯನ್ನಾದರೂ ಏರ್ಪಡಿಸಬೇಕೆಂದು ಕೇಳಿದೆವು. ಬಂದ ಉತ್ತರ ಇದು: ‘ಅದು ನಿಮ್ಮ ಕಡೆಯ ವಿಷಯ. ನವೆಂಬರ್ ಒಂದು ಎಲ್ಲರಿಗೂ ಸೇರಿದ್ದು. ಅದನ್ನು ಅದ್ದೂರಿಯಾಗಿ ಮಾಡೋಣ.’ ಹೇಳಿದವರು ಹಿರಿಯರು, ಕೆಟ್ಟ ಮನಸ್ಸಿನವರಲ್ಲ. ಅವರ ಹೆಸರು ಇಲ್ಲಿ ಬೇಡ. ಆದರೆ ‘ನಿಮ್ಮ ಕಡೆ’ ಎಂಬ ಮಾತು ಮಾತ್ರ ಆ ಹೊತ್ತಿನಿಂದ ನಮ್ಮ ಕಿವಿಯಲ್ಲೇ ನಿಂತಿದೆ. ಅದಕ್ಕೆ ಉತ್ತರ ಕೊಡದೆ ಇರುವುದು ಸರಿಯಲ್ಲ.

ಮೊದಲು ಲೆಕ್ಕ ನೋಡೋಣ. 1948ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹದಿನಾರು ಜಿಲ್ಲೆಗಳು. ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಆ ಮೂರು ಜಿಲ್ಲೆಗಳೆಂದರೆ ಗುಲ್ಬರ್ಗಾ, ಬೀದರ ಮತ್ತು ರಾಯಚೂರು. ಇಂದಿನ ಯಾದಗಿರಿಯೂ ಕೊಪ್ಪಳವೂ ಅವುಗಳ ಹೊಟ್ಟೆಯಲ್ಲೇ ಇದ್ದವು. 1947ರ ಆಗಸ್ಟ್ 15ರಂದು ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಜನರು ಸಿಹಿ ಹಂಚಿಕೊಳ್ಳುತ್ತಿದ್ದಾಗ ಈ ಮೂರು ಜಿಲ್ಲೆಗಳಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಅಪರಾಧವಾಗಿತ್ತು. ಅಲ್ಲಿಂದ ಮುಂದಿನ ಹದಿಮೂರು ತಿಂಗಳು ಅಲ್ಲಿಯ ಹಳ್ಳಿಗಳ ಪಾಲಿಗೆ ಬಂದದ್ದು ಸ್ವಾತಂತ್ರ್ಯವಲ್ಲ, ರಜಾಕಾರರ ಕಾಟ. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಮನೆಗಳು ಇಂದಿಗೂ ಮರೆತಿಲ್ಲ. ಜನರು ಗಡಿಯಾಚೆಗೆ ಓಡಿದರು. ಗಡಿಯಾಚೆ ಸೊಲ್ಲಾಪುರದಲ್ಲಿ, ಮುಂಡರಗಿಯಲ್ಲಿ ಹೋರಾಟದ ಶಿಬಿರಗಳು ಎದ್ದವು. ಶಿವಮೂರ್ತಿಸ್ವಾಮಿ ಅಳವಂಡಿಯವರಂಥವರು ಅಲ್ಲಿಂದ ಹೋರಾಟ ನಡೆಸಿದರು. ಸಪ್ಟೆಂಬರ್ 13ರ ಸೋಮವಾರ ಭಾರತದ ಸೇನೆ ಒಳಹೊಕ್ಕಿತು. 17ರ ಶುಕ್ರವಾರ ಸಂಜೆ ನಿಜಾಮರ ಕಡೆಯಿಂದ ಕದನವಿರಾಮ ಬಂತು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದರು.

ಈಗ ಕೇಳುತ್ತೇವೆ: ಆ ಶುಕ್ರವಾರ ಬಾರದೆ ಇದ್ದಿದ್ದರೆ ನವೆಂಬರ್ ಒಂದು ಹೇಗೆ ಬರುತ್ತಿತ್ತು? 1956ರ ನವೆಂಬರ್ 1ರಂದು ಒಂದುಗೂಡಿದ್ದು ಮೈಸೂರು ರಾಜ್ಯ, ಮುಂಬಯಿ ರಾಜ್ಯದ ನಾಲ್ಕು ಜಿಲ್ಲೆಗಳು, ದಕ್ಷಿಣ ಕನ್ನಡ, ಕೊಡಗು ಮತ್ತು ಹೈದರಾಬಾದ್ ರಾಜ್ಯದ ಈ ಮೂರು ಜಿಲ್ಲೆಗಳು. ನಿಜಾಮರ ಆಳ್ವಿಕೆ ಮುಗಿಯದೆ ಆ ಮೂರು ಜಿಲ್ಲೆಗಳು ಕರ್ನಾಟಕದ ನಕ್ಷೆಗೆ ಬರುವುದು ಸಾಧ್ಯವಿರಲಿಲ್ಲ. ಕವಿರಾಜಮಾರ್ಗದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಆ ಜಿಲ್ಲೆಗಳಲ್ಲಿದೆ. ಬಸವಣ್ಣನವರ ಕಲ್ಯಾಣವೂ ಅಲ್ಲಿಯೇ ಇದೆ. ರಾಜ್ಯೋತ್ಸವದ ವೇದಿಕೆಯ ಮೇಲೆ ನೃಪತುಂಗನ ಹೆಸರು ಹೇಳದೆ, ಬಸವಣ್ಣನವರ ಪಟಕ್ಕೆ ಹಾರ ಹಾಕದೆ ನಮ್ಮ ಯಾವ ಭಾಷಣವೂ ಮುಂದೆ ಸಾಗುವುದಿಲ್ಲ. ಅವರು ಬಾಳಿದ ನೆಲ ಬಂಧನದಿಂದ ಬಿಟ್ಟುಕೊಂಡ ದಿನ ಮಾತ್ರ ‘ನಿಮ್ಮ ಕಡೆಯ ವಿಷಯ’! ಸಪ್ಟೆಂಬರಿಲ್ಲದ ನವೆಂಬರ್ ಅರ್ಧ ನವೆಂಬರ್ ಎಂಬುದನ್ನು ನಮ್ಮ ಹಿರಿಯರು ದಯವಿಟ್ಟು ಯೋಚಿಸಬೇಕು.

ಎರಡನೆಯ ಆಕ್ಷೇಪ ಇನ್ನೊಂದು ಬಗೆಯದು. ‘ಸಪ್ಟೆಂಬರ್ 17ನ್ನು ಮರಾಠಿಗರು ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದು ಆಚರಿಸುತ್ತಾರೆ. ಅದು ಅವರ ದಿನ, ನಮಗೇಕೆ?’ ಎಂದು ಕೇಳಿದವರುಂಟು. ನಾವು ಹೇಳುತ್ತೇವೆ: ಅವರೂ ಆಚರಿಸುತ್ತಾರೆ ಎಂಬುದಕ್ಕಾಗಿಯೇ ಪುಣೆಯಲ್ಲಿ ಬಾಳುವ ನಮಗೆ ಅದು ಬೇಕು. ನವೆಂಬರ್ 1 ನಮ್ಮನ್ನು ಕೂಡಿಸಿದ ದಿನ ಹೌದು. ಅದೇ ದಿನ ನಮ್ಮನ್ನು ನೆರೆಯವರಿಂದ ಬೇರ್ಪಡಿಸಿದ ದಿನವೂ ಹೌದು. ಬೀದರ ಜಿಲ್ಲೆಯನ್ನೇ ನೋಡಿರಿ. 1956ರ ಅಕ್ಟೋಬರ್ 31ರ ರಾತ್ರಿ ಮಲಗಿದಾಗ ಅದು ಒಂದೇ ಜಿಲ್ಲೆ. ಮರುದಿನ ಬೆಳಗಾಗುವಷ್ಟರಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಆಂಧ್ರ ಪ್ರದೇಶಕ್ಕೆ, ಉಳಿದದ್ದು ಮೈಸೂರಿಗೆ. ಬೀಗರು ಬೇರೆ ರಾಜ್ಯದವರಾದರು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಮುಂಬಯಿ ರಾಜ್ಯದಲ್ಲೇ ಉಳಿದರು. ಅದೇ ದಿನವನ್ನು ಬೆಳಗಾವಿಯಲ್ಲಿ ಮರಾಠಿಗರ ಒಂದು ಪಕ್ಷ ಕರಾಳ ದಿನವೆಂದು ಆಚರಿಸುತ್ತ ಬಂದಿದೆ. ಇಷ್ಟೆಲ್ಲ ಒಂದೇ ತಾರೀಖಿನಲ್ಲಿ ನಡೆದದ್ದು ಕಾಕತಾಳೀಯವಲ್ಲ. ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯಲ್ಲಿ ‘ನಿಗದಿತ ದಿನ’ ಎಂದು ಬರೆದಿಟ್ಟದ್ದೇ ಆ ತಾರೀಖು. ಒಂದೇ ಕಾಯಿದೆ ಕೆಲವರಿಗೆ ಹಬ್ಬ ತಂದಿತು, ಕೆಲವರಿಗೆ ಗಾಯ ಮಾಡಿತು.

ಸಪ್ಟೆಂಬರ್ 17 ಹಾಗಲ್ಲ. ಆ ದಿನಕ್ಕಾಗಿ ಕನ್ನಡಿಗರೂ ಮರಾಠಿಗರೂ ತೆಲುಗರೂ ಒಟ್ಟಿಗೆ ಜೈಲು ಸೇರಿದ್ದರು. ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪಾಠ ಹೇಳಿದ್ದು ಮರಾಠವಾಡಾದ ಅಂಬಾಜೋಗಾಯಿಯಲ್ಲಿ. ಅವರ ಹೆಸರು ಹೊತ್ತ ವಿಶ್ವವಿದ್ಯಾಲಯ ಇರುವುದು ನಾಂದೇಡದಲ್ಲಿ. ಅವರನ್ನು ಯಾರ ಕಡೆಗೆ ಬರೆದುಕೊಳ್ಳುವಿರಿ? ಈ ಪುಣೆ ಊರೂ ಆ ಕಥೆಗೆ ಹೊರಗಿನದಲ್ಲ. ಕಾರ್ಯಾಚರಣೆ ನಡೆಸಿದ್ದು ಸೇನೆಯ ದಕ್ಷಿಣ ಕಮಾಂಡ್. ಅದರ ಕೇಂದ್ರ ಕಚೇರಿ ಇರುವುದು ಇಲ್ಲಿಯೇ. ರಜಾಕಾರರ ನಾಯಕ, ಲಾತೂರಿನ ವಕೀಲ ಕಾಸಿಂ ರಜ್ವಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗುವ ಮೊದಲು ಸೆರೆವಾಸ ಕಳೆದದ್ದು ನಮ್ಮ ಯೆರವಡಾ ಜೈಲಿನಲ್ಲಿ. ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರು ಉದಗೀರದವರು, ಕೆಳಗಿನ ಮನೆಯ ನಾವು ಆಳಂದದವರು. ಅವರ ಅಜ್ಜ ಓಡಿದ ಗಡಿಯನ್ನೇ ನಮ್ಮ ಅಜ್ಜನೂ ಓಡಿ ದಾಟಿದ್ದ. ಈ ಮಾತು ನಮಗೆ ಗೊತ್ತಾದದ್ದು ನೆರೆಯವರಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, ಒಂದು ದಿನ ಲಿಫ್ಟು ಕೆಟ್ಟು ಮೆಟ್ಟಿಲ ಮೇಲೆ ಕುಳಿತಾಗ! ನಾವು ಅವರಿಗೆ ನವೆಂಬರಿನಲ್ಲಿ ಹೋಳಿಗೆ ಕೊಟ್ಟಿದ್ದೇವೆ, ಅವರು ನಮಗೆ ಮೇ ಒಂದರಂದು ಶುಭಾಶಯ ಹೇಳಿದ್ದಾರೆ. ಇಬ್ಬರದೂ ಆದ ದಿನ ಮಾತ್ರ ಪ್ರತಿ ವರ್ಷ ಇಬ್ಬರ ಮನೆಯ ಮುಂದೆಯೂ ಸುಮ್ಮನೆ ಹಾದುಹೋಗಿದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ‘ಹಳೆಯ ಗಾಯ ಕೆದಕಿದರೆ ಹಿಂದೂ–ಮುಸ್ಲಿಂ ಮನಸ್ತಾಪಕ್ಕೆ ದಾರಿಯಾದೀತು’ ಎಂಬುದು ಆ ಮಾತು. ಅರ್ಧ ಕಥೆ ಹೇಳಿದರೆ ಖಂಡಿತ ಆದೀತು. ಆದ್ದರಿಂದಲೇ ಪೂರ್ತಿ ಹೇಳಬೇಕೆನ್ನುತ್ತೇವೆ. ರಜಾಕಾರರು ಸುಟ್ಟ ಹಳ್ಳಿಗಳು ನಿಜ. ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಸೀಮೆಯಲ್ಲಿ ಮುಸಲ್ಮಾನರ ಮೇಲೆ ನಡೆದ ಹತ್ಯೆ, ಲೂಟಿಗಳೂ ನಿಜ. ನೆಹರೂ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತ್ತು; ಆ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಉಳಿಯಿತು. ಕಚೇರಿಯಲ್ಲಿ ಇರುವ ನಮಗೆ ಕಪಾಟಿನಲ್ಲಿ ಉಳಿದ ಫೈಲು ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೂ ಒಂದು ಮಾತು ನಿಜ: ಭಾರತದೊಡನೆ ಸೇರಬೇಕೆಂದು ಬರೆದದ್ದಕ್ಕಾಗಿ 1948ರ ಆಗಸ್ಟಿನಲ್ಲಿ ರಜಾಕಾರರ ಕೈಯಲ್ಲಿ ಕೊಲೆಯಾದ ಪತ್ರಕರ್ತ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ಈ ಎಲ್ಲವನ್ನೂ ಒಂದೇ ಸಭೆಯಲ್ಲಿ ಹೇಳಿದರೆ ಯಾವ ಮಗುವೂ ದ್ವೇಷ ಹೊತ್ತು ಮನೆಗೆ ಹೋಗುವುದಿಲ್ಲ.

ನಮ್ಮ ಆಯಿ ಹೇಳುತ್ತಿದ್ದ ಒಂದು ಸಂಗತಿಯನ್ನು ಬರೆಯುತ್ತೇವೆ. ರಜಾಕಾರರ ಭಯದಿಂದ ರಾತ್ರೋರಾತ್ರಿ ಗಾಡಿ ಕಟ್ಟಿ ಸೊಲ್ಲಾಪುರದ ಕಡೆ ಹೊರಟಾಗ ಆಕೆ ಮನೆಯ ಕೀಲಿಕೈ ಕೊಟ್ಟದ್ದು ಪಕ್ಕದ ಮನೆಯ ಮುಸಲ್ಮಾನ ಮುದುಕಿಗೆ. ಆಕೆ ತಿಂಗಳುಗಟ್ಟಲೆ ಆ ಮನೆಯ ಕಸ ಹೊಡೆದು, ಎಮ್ಮೆಗೆ ಮೇವು ಹಾಕಿದಳು. ಸಪ್ಟೆಂಬರ್ ಮುಗಿದು ನಮ್ಮವರು ತಿರುಗಿ ಬಂದಾಗ ಎಮ್ಮೆ ಇತ್ತು, ಕೀಲಿಕೈ ಬಾಗಿಲ ಮೇಲಿನ ಗೂಡಿನಲ್ಲಿತ್ತು. ಪಕ್ಕದ ಮನೆ ಮಾತ್ರ ಖಾಲಿಯಾಗಿತ್ತು. ‘ಎಲ್ಲಿ ಹೋದ್ರೋ, ಉಳದಾರೋ ಇಲ್ಲೋ, ಯಾರಿಗಿ ಕೇಳಲಿ?’ ಎಂದು ಆಯಿ ಸಾಯುವ ತನಕ ಕೇಳುತ್ತಿದ್ದಳು. ಬಿಡುಗಡೆ ಆಯಿತೆಂದು ಆಕೆ ಸಂತೋಷಪಟ್ಟದ್ದೂ ಸತ್ಯ, ಈ ಪ್ರಶ್ನೆಯೂ ಸತ್ಯ. ಎರಡನ್ನೂ ಒಂದೇ ಬಾಯಲ್ಲಿ ಹೇಳಲು ಅಕ್ಷರ ಬಾರದ ಆಯಿಗೆ ಸಾಧ್ಯವಾಗಿದ್ದರೆ ಪದವೀಧರರಾದ ನಮಗೇಕೆ ಸಾಧ್ಯವಾಗಬಾರದು?

ಇನ್ನು ಆ ಹುಡುಗಿ ಹೇಳಿದ ಅಮೆರಿಕದ ಮಾತಿಗೆ ಬರೋಣ. ವಿಜ್ಞಾನ ಓದಿದವರಾಗಿ ನಾವು ಇದನ್ನು ಹೇಳಲೇಬೇಕು: ವರ್ಷಕ್ಕಿರುವುದು 365 ದಿನ, ಚರಿತ್ರೆಯಲ್ಲಿ ನಡೆದ ಸಂಗತಿಗಳು ಲಕ್ಷಾಂತರ, ಆದ್ದರಿಂದ ಯಾವ ತಾರೀಖನ್ನು ಹಿಡಿದರೂ ಹತ್ತು ದೊಡ್ಡ ಸಂಗತಿ ಸಿಗದೆ ಇರುವುದಿಲ್ಲ. ಒಂದು ಕೋಣೆಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂದು ಗಣಿತ ಹೇಳುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಆದರೂ ಆ ಹುಡುಗಿಯ ಮೊದಲ ಎರಡು ಉತ್ತರಗಳನ್ನು ಪಟ್ಟಿಯಿಂದ ಹೊರತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿರಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ 39 ಜನ ಪ್ರತಿನಿಧಿಗಳು ಸಂವಿಧಾನಕ್ಕೆ ಸಹಿ ಹಾಕಿದರು. ಆ ಸಂವಿಧಾನ ಗುಲಾಮಗಿರಿಯನ್ನು ತೆಗೆಯಲಿಲ್ಲ. ಪ್ರತಿನಿಧಿಗಳ ಲೆಕ್ಕಕ್ಕೆ ಐದು ಜನ ಗುಲಾಮರನ್ನು ಮೂರು ಜನರೆಂದು ಎಣಿಸುವ ಏರ್ಪಾಟನ್ನು ಬರೆದಿಟ್ಟಿತು. ಸರಿಯಾಗಿ ಎಪ್ಪತ್ತೈದು ವರ್ಷಗಳ ನಂತರ, ಅದೇ ತಾರೀಖಿನಂದು, ಮೇರಿಲ್ಯಾಂಡಿನ ಆಂಟೀಟಮ್ ಹಳ್ಳದ ದಡದಲ್ಲಿ ಅದೇ ದೇಶದ ಉತ್ತರದವರೂ ದಕ್ಷಿಣದವರೂ ಕಾದಾಡಿದರು. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಐದು ದಿನಗಳ ನಂತರ ಲಿಂಕನ್ ಗುಲಾಮರ ಬಿಡುಗಡೆಯ ಮೊದಲ ಘೋಷಣೆ ಹೊರಡಿಸಿದರು. ತಾರೀಖು ಒಂದೇ ಆದದ್ದು ಆಕಸ್ಮಿಕ. ಆದರೆ ಸಂಬಂಧ ಆಕಸ್ಮಿಕವಲ್ಲ. ಸಹಿ ಹಾಕಿದ ದಿನ ಉಳಿಸಿಕೊಂಡ ಬಾಕಿಯನ್ನು ಮೊಮ್ಮಕ್ಕಳು ರಕ್ತದಲ್ಲಿ ತೀರಿಸಬೇಕಾಯಿತು. ಅಮೆರಿಕದವರು ಇಂದಿಗೂ ಸಪ್ಟೆಂಬರ್ 17ನ್ನು ಸಂವಿಧಾನ ದಿನವೆಂದು ಆಚರಿಸುತ್ತಾರೆ. ಕೇಂದ್ರ ಸರಕಾರದ ಹಣ ಪಡೆಯುವ ಶಾಲೆಗಳು ಆ ಸಂಬಂಧ ಪಾಠ ಹೇಳಬೇಕೆಂದು 2004ರಲ್ಲಿ ಕಾಯಿದೆಯನ್ನೇ ಮಾಡಿದರು. ಅಮೆರಿಕದ ಮಗು ತನ್ನ ಸಪ್ಟೆಂಬರ್ 17ನ್ನು ಕಲಿಯುತ್ತದೆ. ಪುಣೆಯ ಕನ್ನಡದ ಮಗುವೂ ಅಮೆರಿಕದ ಸಪ್ಟೆಂಬರ್ 17ನ್ನೇ ಕಲಿಯುತ್ತದೆ!

ಬಾಕಿಯ ಮಾತು ಬಂತಾದ್ದರಿಂದ ನಮ್ಮ ಬಾಕಿಯನ್ನೂ ಹೇಳಿಬಿಡುತ್ತೇವೆ. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. ಅದು ಬಿಟ್ಟುಹೋದ ಹಿಂದುಳಿದ ಸ್ಥಿತಿ ಹೋಗಲಿಲ್ಲ. ಉರ್ದುವೇ ಆಡಳಿತದ ಭಾಷೆಯಾಗಿದ್ದ ಕಾಲದಲ್ಲಿ ಕನ್ನಡ ಶಾಲೆ ಕಂಡ ಹಳ್ಳಿಗಳು ಅಪರೂಪ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮಾನತೆಯ ವರದಿ ಕೊಡಬೇಕಾಯಿತು. ಸಂವಿಧಾನಕ್ಕೆ 98ನೆಯ ತಿದ್ದುಪಡಿ ಮಾಡಿ 371(ಜೆ) ವಿಧಿ ತರಬೇಕಾಯಿತು, ಅದೂ ಸ್ವಾತಂತ್ರ್ಯ ಬಂದು ಆರು ದಶಕ ಕಳೆದ ಮೇಲೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು, ವಿಮೋಚನಾ ದಿನ ‘ಉತ್ಸವ ದಿನ’ವಾಯಿತು. ಹೆಸರು ಬದಲಾದದ್ದು ಸಂತೋಷ. ಆದರೆ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ ನಿಲ್ದಾಣಕ್ಕೆ ಬಂದಾಗ ಜನರಲ್ ಡಬ್ಬಿಯಿಂದ ಇಳಿಯುವವರನ್ನು ಒಮ್ಮೆ ನೋಡಿರಿ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಬಾಯಲ್ಲಿ ಶುದ್ಧ ಕಲಬುರ್ಗಿಯ ಕನ್ನಡ. ಈ ಊರಿನಲ್ಲಿ ಎದ್ದುನಿಂತ ಎಷ್ಟೋ ಎತ್ತರದ ಕಟ್ಟಡಗಳ ಇಟ್ಟಿಗೆ ಹೊತ್ತವರು ಯಾದಗಿರಿ, ಕಲಬುರ್ಗಿಗಳ ಈ ಜನ. ಬೆಳಿಗ್ಗೆ ಮಜೂರ ಅಡ್ಡಾಗಳಲ್ಲಿ ನಿಂತು ಕಿವಿಗೊಟ್ಟರೆ ಮರಾಠಿಯ ನಡುವೆ ಕನ್ನಡ ಕೇಳದ ದಿನವಿಲ್ಲ.

ಒಮ್ಮೆ ಸೈಟಿನ ಪತ್ರಾ ಶೆಡ್ಡಿನ ಹತ್ತಿರ ಒಬ್ಬ ಹುಡುಗ ನಮ್ಮ ಕೈಯಲ್ಲಿದ್ದ ಈ ಪತ್ರಿಕೆಯ ಹೊದಿಕೆಯನ್ನು ಅಕ್ಷರ ಕೂಡಿಸಿ ಓದಿ, ‘ಸಂಘಕ್ಕ ಬರಬೇಕಂದ್ರ ರೊಕ್ಕ ಕೊಡಬೇಕೇನ್ರಿ ಅಣ್ಣಾ?’ ಎಂದು ಕೇಳಿದ. ನಮ್ಮ ರಾಜ್ಯೋತ್ಸವದ ಸಂಗೀತ ಸಂಜೆಯ ಟಿಕೀಟಿನ ದರ ನೆನಪಾಗಿ ನಾವು ಉತ್ತರ ಹೇಳಲಾರದೆ ಹೋದೆವು. ಪುಣೆಯಲ್ಲಿ ಕನ್ನಡ ಕಡಿಮೆಯಾಗುತ್ತಿದೆ, ಮಕ್ಕಳು ಕನ್ನಡ ಓದುವುದಿಲ್ಲ ಎಂದು ಪ್ರತಿ ಸಂಚಿಕೆಯಲ್ಲೂ ನಾವು ಕಣ್ಣೀರು ಸುರಿಸುತ್ತೇವೆ. ಓದುವ ಹುಡುಗ ಪತ್ರಾ ಶೆಡ್ಡಿನಲ್ಲಿದ್ದಾನೆ; ನಾವು ಅವನನ್ನು ಎಣಿಸಿಯೇ ಇಲ್ಲ. ‘ನಿಮ್ಮ ಕಡೆ’ ಎಂಬ ಮಾತಿನ ನಿಜವಾದ ಅರ್ಥ ನಮಗೆ ಹೊಳೆದದ್ದು ಅಲ್ಲಿ. ಆ ಮಾತು ತಾರೀಖನ್ನು ಮಾತ್ರ ಹೊರಗಿಡುವುದಿಲ್ಲ, ಮನುಷ್ಯರನ್ನೂ ಹೊರಗಿಡುತ್ತದೆ.

‘ಸಪ್ಟೆಂಬರಿನಲ್ಲಿ ಗಣಪತಿಯ ಗದ್ದಲ, ಸಭಾಗೃಹ ಸಿಗುವುದಿಲ್ಲ’ ಎಂಬುದು ಕೊನೆಯ ನೆಪ. ಸಂಗತಿ ಸುಳ್ಳಲ್ಲ, 2024ರಲ್ಲಂತೂ ಸಪ್ಟೆಂಬರ್ 17ರಂದೇ ಅನಂತ ಚತುರ್ದಶಿ ಬಂದಿತ್ತು, ಪುಣೆಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ನಾವು ಕೇಳುತ್ತಿರುವುದು ಸಭಾಗೃಹವನ್ನಲ್ಲ. ತಾರೀಖನ್ನು ಎರಡು ದಿನ ಹಿಂದೆ ಮುಂದೆ ಮಾಡಿಕೊಂಡರೂ ನಮ್ಮ ಅಡ್ಡಿಯಿಲ್ಲ. ರಾಜ್ಯೋತ್ಸವವನ್ನು ಡಿಸೆಂಬರಿನ ಭಾನುವಾರಕ್ಕೆ ಹಾಕಿಕೊಂಡವರು ತಾರೀಖಿನ ಮಡಿಯ ಮಾತಾಡಬೇಕಾಗಿಲ್ಲ.

ನಮ್ಮ ಬೇಡಿಕೆ ಮೂರೇ. ಮೊದಲನೆಯದು, ಸಪ್ಟೆಂಬರ್ 17ರ ಸುಮಾರಿಗೆ ಒಂದು ಸಂಜೆ, ಟಿಕೀಟಿಲ್ಲದೆ, ಹಾರ–ಶಾಲುಗಳಿಲ್ಲದೆ, ಕಟ್ಟಡ ಕೆಲಸದ ಜನ ಇರುವಲ್ಲಿಗೇ ಹೋಗಿ ಕೂಡೋಣ. ಎರಡನೆಯದು, ಮರಾಠವಾಡಾದ ನೆರೆಯವರನ್ನು ಕರೆಯೋಣ. ಅವರು ಮರಾಠಿಯಲ್ಲಿ ಹೇಳಲಿ, ನಾವು ಕನ್ನಡದಲ್ಲಿ ಹೇಳೋಣ, ಉರ್ದು ಬಲ್ಲ ಹಿರಿಯರಿದ್ದರೆ ಅವರು ಉರ್ದುವಿನಲ್ಲಿ ಹೇಳಲಿ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಶಾಲೆಗೆ ಹಮ್‌ದರ್ದ್ ಎಂಬ ಉರ್ದು ಹೆಸರಿತ್ತೆಂಬುದನ್ನು ನಾವು ಮರೆಯಬಾರದು. ಮೂರನೆಯದು, 1948ನ್ನು ಕಣ್ಣಾರೆ ಕಂಡವರ ಮಾತನ್ನು, ಅವರಿಲ್ಲದಿದ್ದರೆ ಅವರಿಂದ ಕೇಳಿದವರ ಮಾತನ್ನು, ಈ ಪತ್ರಿಕೆಯಲ್ಲಿ ತಿಂಗಳಿಗೆ ಒಂದು ಪುಟದಂತೆ ಅಚ್ಚು ಹಾಕೋಣ. ಆ ವರ್ಷ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತು ಮೀರಿದ್ದಾರೆ. ಇನ್ನು ಕಾಯುವುದಕ್ಕೆ ವೇಳೆಯಿಲ್ಲ.

ನವೆಂಬರ್ ಒಂದನ್ನು ಬಿಡಿರೆಂದು ನಾವು ಹೇಳಿಲ್ಲ, ಹೇಳುವುದೂ ಇಲ್ಲ. ಏಕೀಕರಣಕ್ಕಾಗಿ ಜೀವ ಸವೆಸಿದ ಆಲೂರು ವೆಂಕಟರಾಯರು ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರ ಋಣ ನಮ್ಮೆಲ್ಲರ ಮೇಲಿದೆ. ನಾವು ಹೇಳುವುದಿಷ್ಟೇ: ಸಪ್ಟೆಂಬರ್ ಹದಿನೇಳೂ ನವೆಂಬರ್ ಒಂದೂ ಒಂದೇ ಫೈಲಿನ ಕಾಗದಗಳು, ಮೊಹರು ಬೇರೆಯೆಂದು ಒಂದನ್ನು ಕಪಾಟಿನಲ್ಲಿ ಬಿಡಬೇಡಿರಿ. ಮುಂದಿನ ರಸಪ್ರಶ್ನೆಯಲ್ಲಿ ಆ ಹುಡುಗಿ ಅಮೆರಿಕದ ಎರಡು ಸಂಗತಿಗಳನ್ನು ಅವಶ್ಯವಾಗಿ ಹೇಳಲಿ. ಅವುಗಳಿಗಿಂತ ಮುಂಚೆ ತನ್ನ ಮುತ್ತಜ್ಜ ಗಡಿ ದಾಟಿದ ರಾತ್ರಿಯನ್ನು ಹೇಳಲಿ. ಅದನ್ನು ಆಕೆಗೆ ಕಲಿಸುವ ಕೆಲಸ ಯಾವ ಕಡೆಯವರದು ಎಂದು ಯಾರೂ ಕೇಳದಿರಲಿ ಎಂದು ನಮ್ಮ ವಿನಂತಿ.